ಬೂದಿ ಒಂದೆ, ಮಾತು ಎರಡು

ಇಂಗ್ಲಿಷಿನಲ್ಲಿ ಆ್ಯಷ್ ಎಂಬ ಮಾತೊಂದುಂಟು, ಆ್ಯಷಸ್ ಎಂಬ ಮಾತೊಂದುಂಟು. ವ್ಯಾಕರಣದ ಪುಸ್ತಕವನ್ನು ಕೇಳಿದರೆ, ಮೊದಲನೆಯದು ಏಕವಚನ, ಎರಡನೆಯದು ಬಹುವಚನ ಎಂದು ಹೇಳಿ ಸುಮ್ಮನಾಗುತ್ತದೆ. ಆದರೆ ನೀವೇ ಯೋಚಿಸಿ ನೋಡಿ. ಒಂದು ಬೂದಿ, ಎರಡು ಬೂದಿ ಎಂದು ಲೆಕ್ಕ ಹಾಕಿದವರನ್ನು ಎಲ್ಲಿಯಾದರೂ ಕಂಡಿದ್ದೀರಾ? ಎಣಿಸಲು ಬಾರದ ವಸ್ತುವಿಗೆ ಬಹುವಚನ ಏಕೆ ಬೇಕಾಯಿತು? ಬೇಕಾಗಿದ್ದು ಎಣಿಕೆಗಲ್ಲ, ಬೇರೊಂದು ಅರ್ಥಕ್ಕೆ.

ಆ್ಯಷ್ ಎಂದರೆ ಪದಾರ್ಥ. ಸಿಗರೇಟಿನ ತುದಿಯಿಂದ ಉದುರುವುದು ಆ್ಯಷ್. ಗಿಡದ ಬುಡಕ್ಕೆ ಹಾಕುವ ಸೌದೆಯ ಬೂದಿ ಆ್ಯಷ್. ಕಲ್ಲಿದ್ದಲು ಉರಿಸುವ ವಿದ್ಯುದಾಗಾರದಲ್ಲಿ ಹೊಗೆಯೊಡನೆ ಮೇಲೇರುವ, ಸಿಮೆಂಟಿಗೂ ಇಟ್ಟಿಗೆಗೂ ಬಳಸುವ ಹಾರುಬೂದಿಯೂ ಆ್ಯಷ್. ಇಲ್ಲೆಲ್ಲ ನಾವು ಕೇಳುವ ಪ್ರಶ್ನೆ, "ಇದು ಏನು?" ಎಂಬುದು. ಆ್ಯಷಸ್ ಎಂದಾಗ ಪ್ರಶ್ನೆ ಬದಲಾಗುತ್ತದೆ: "ಇದು ಯಾವುದರ ಬೂದಿ? ಯಾರ ಬೂದಿ?" ಮನೆ ಸುಟ್ಟುಹೋದರೆ ಉಳಿಯುವುದು ಆ್ಯಷಸ್. ನಗರ ಉರಿದರೂ ಅಷ್ಟೆ, ಮನುಷ್ಯನ ದೇಹವನ್ನು ದಹಿಸಿದರೂ ಅಷ್ಟೆ. ಮೊದಲು ಏನೋ ಒಂದು ಇತ್ತು, ಈಗ ಅದು ಇಲ್ಲ, ಅದರ ಶೇಷ ಇದು ಎಂಬ ಭಾವ ಆ ಬಹುವಚನದಲ್ಲಿದೆ.

ಈ ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಒಲೆಯ ಬೂದಿಯನ್ನು ಎರಡು ವಿಧವಾಗಿಯೂ ಹೇಳುವುದುಂಟು. ಕ್ರೈಸ್ತರು ಹಣೆಗೆ ಬೂದಿಯಿಡಿಸಿಕೊಳ್ಳುವ ಬುಧವಾರದ ಹೆಸರಿನಲ್ಲಿ ಏಕವಚನವಿದೆ. ಅಂದು ಹಚ್ಚುವ ಬೂದಿಯನ್ನು ಕುರಿತು ಹೇಳುವಾಗ ಬಹುವಚನ ಬರುತ್ತದೆ. ಆದರೆ ಎರಡು ಕಡೆಗಳಲ್ಲಿ ಗೆರೆಯನ್ನು ದಾಟುವಂತಿಲ್ಲ. ಒಂದು ಜ್ವಾಲಾಮುಖಿ, ಇನ್ನೊಂದು ಶ್ಮಶಾನ.

ಜ್ವಾಲಾಮುಖಿಯ ಬೂದಿ ಎಂದೆಂದಿಗೂ ಆ್ಯಷ್. ಏಕೆಂದರೆ ಅಲ್ಲಿ ಯಾವುದೂ ಸುಟ್ಟು ಬೂದಿಯಾಗಿಲ್ಲ. ಅದು ಎರಡು ಮಿಲಿಮೀಟರಿಗಿಂತ ಸಣ್ಣದಾಗಿ ಸಿಡಿದ ಬಂಡೆಯ ಮತ್ತು ಗಾಜಿನ ಚೂರು; ನೋಟಕ್ಕೆ ಮಾತ್ರ ಬೂದಿ. 1982ರ ಜೂನ್ 24ರ ರಾತ್ರಿ ಇಂಡೋನೇಷ್ಯದ ಮೇಲೆ ಹಾರುತ್ತಿದ್ದ ಬ್ರಿಟಿಷ್ ವಿಮಾನವೊಂದು ಗಾಲುಂಗ್ಗುಂಗ್ ಎಂಬ ಜ್ವಾಲಾಮುಖಿಯ ಬೂದಿಯ ಮೋಡವನ್ನು ಹೊಕ್ಕಿತು. ನಾಲ್ಕು ಎಂಜಿನುಗಳೂ ನಿಂತವು. ಬೂದಿ ಒಳಗೆ ಹೋಗಿ ಕರಗಿ, ಗಾಜಿನಂತೆ ಅಂಟಿಕೊಂಡಿತ್ತು. ವಿಮಾನ ತೇಲುತ್ತ ಕೆಳಗಿಳಿದು ಮೋಡದಿಂದ ಹೊರಬಂದ ಮೇಲೆ ಎಂಜಿನುಗಳು ಮತ್ತೆ ಹೊತ್ತಿಕೊಂಡವು. ಜಕಾರ್ತದಲ್ಲಿ ಎಲ್ಲರೂ ಕ್ಷೇಮವಾಗಿ ಇಳಿದರು. ಸೌದೆಯ ಬೂದಿಯಂತೆ ಇದೂ ಮೆತ್ತಗಿರುತ್ತದೆಂದು ನಂಬುವಂತಿಲ್ಲ.

ಶ್ಮಶಾನದ ಬೂದಿ ಎಂದೆಂದಿಗೂ ಆ್ಯಷಸ್. ಕ್ರಿಕೆಟ್ ಬಲ್ಲ ನಿಮಗೆ ಈ ಮಾತು ಹೊಸದಲ್ಲ. 1882ರ ಆಗಸ್ಟ್ 29ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡಿಗೆ ಗೆಲ್ಲಲು ಬೇಕಾಗಿದ್ದುದು 85 ಓಟ. ಬಂದದ್ದು 77. ಆಸ್ಟ್ರೇಲಿಯದ ಸ್ಪಾಫರ್ತ್ ಎರಡು ಸರದಿಗಳಲ್ಲಿ ಸೇರಿ 14 ಮಂದಿಯನ್ನು ಕೆಡವಿದ್ದನು. ಆಗ ಸ್ಪೋರ್ಟಿಂಗ್ ಟೈಮ್ಸ್ ಎಂಬ ಪತ್ರಿಕೆ ಇಂಗ್ಲಿಷ್ ಕ್ರಿಕೆಟ್ಟಿಗೆ ಒಂದು ಹಾಸ್ಯದ ಮರಣವಾರ್ತೆಯನ್ನು ಬರೆದು, ಶವವನ್ನು ದಹಿಸಿ ಬೂದಿಯನ್ನು ಆಸ್ಟ್ರೇಲಿಯಕ್ಕೆ ಒಯ್ಯಲಾಗುವುದೆಂದು ಪ್ರಕಟಿಸಿತು. ಮುಂದೆ ಐವೊ ಬ್ಲೈಯ ತಂಡ ಆ ಬೂದಿಯನ್ನು ಮರಳಿ ತರುವೆನೆಂದು ಹೊರಟಿತು. ಅಲ್ಲಿ ಅವನಿಗೆ ಗೇಣುದ್ದವೂ ಇಲ್ಲದ ಮಣ್ಣಿನ ಕರಂಡಕವೊಂದು ಸಿಕ್ಕಿತು. ಅದು ಈಗ ಲಾರ್ಡ್ಸ್ ಮೈದಾನದ ವಸ್ತುಸಂಗ್ರಹಾಲಯದಲ್ಲಿದೆ.

ಈ ಹಾಸ್ಯದ ಮೊನೆ ಇಂದು ನಮಗೆ ತಾಗುವುದಿಲ್ಲ. ಹೂಳುವುದೇ ರೂಢಿಯಾಗಿದ್ದ ಆ ದೇಶದಲ್ಲಿ ಶವದಹನ ಆಗ ದೊಡ್ಡ ವಿವಾದ. ಸರ್ ಹೆನ್ರಿ ಥಾಮ್ಸನ್ ಮೊದಲಾದವರು ದಹನದ ಪರವಾಗಿ 1874ರಲ್ಲಿ ಒಂದು ಸಂಘವನ್ನು ಕಟ್ಟಿದ್ದರು. ದಹನ ಕಾನೂನಿಗೆ ವಿರುದ್ಧವಲ್ಲವೆಂದು ನ್ಯಾಯಾಲಯ ಹೇಳಿದ್ದು 1884ರಲ್ಲಿ. ವೋಕಿಂಗ್ ಎಂಬಲ್ಲಿ ಸಂಘದ ಚಿತಾಗಾರ ಮೊದಲ ದೇಹವನ್ನು ಸ್ವೀಕರಿಸಿದ್ದು 1885ರಲ್ಲಿ. ಸತ್ತ ಕ್ರಿಕೆಟ್ಟಿಗೆ ದಹನ ಹೇಳಿದ್ದು ಆ ಕಾಲದ ಬಿಸಿ ಚರ್ಚೆಗೆ ಒಂದು ಚುಚ್ಚು.

ಇನ್ನು ನಮ್ಮ ಮನೆಗೆ ಬರೋಣ. ಇಂಗ್ಲಿಷು ವಚನ ಬದಲಿಸಿ ಮಾಡುವ ಕೆಲಸವನ್ನು ಕನ್ನಡ ಮಾತನ್ನೇ ಬದಲಿಸಿ ಮಾಡುತ್ತದೆ. ಪಾತ್ರೆ ಬೆಳಗಲು ಬೂದಿ, ಹಣೆಗೆ ವಿಭೂತಿ, ವೈದ್ಯರ ಭರಣಿಯಲ್ಲಿ ಭಸ್ಮ, ಚಿತೆಯಿಂದ ಎತ್ತಿದರೆ ಚಿತಾಭಸ್ಮ. ಬೂದಿ ಎಂಬುದು ಭೂತಿ ಎಂಬ ಸಂಸ್ಕೃತ ಶಬ್ದದ ತದ್ಭವ. ವಿಭೂತಿಯೂ ಅದೇ ಮನೆತನದ ಮಾತು. ಒಂದೇ ಮನೆಯ ಇಬ್ಬರಲ್ಲಿ ಒಬ್ಬ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಾನೆ, ಇನ್ನೊಬ್ಬ ದೇವರ ಮನೆಯಲ್ಲಿ ಕುಳಿತಿದ್ದಾನೆ! ಆದುದರಿಂದ ನಿಘಂಟು ನೋಡಿ ಆ್ಯಷಸ್ ಎಂಬುದಕ್ಕೆ ಬೂದಿ ಎಂದು ಬರೆದುಬಿಟ್ಟರೆ ಅಪಚಾರವಾಗುತ್ತದೆ. ಜವಾಹರಲಾಲ್ ನೆಹರೂ ಅವರು 1954ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಆ್ಯಷಸ್‌ನ ಒಂದು ಹಿಡಿಯನ್ನು ಅಲಹಾಬಾದಿನಲ್ಲಿ ಗಂಗೆಗೆ ಬಿಡಬೇಕೆಂದೂ, ಹೆಚ್ಚಿನ ಪಾಲನ್ನು ವಿಮಾನದಿಂದ ರೈತರ ಹೊಲಗಳ ಮೇಲೆ ಚೆಲ್ಲಬೇಕೆಂದೂ ಕೋರಿದ್ದರು. ಅದನ್ನು ಕನ್ನಡಿಸುವಾಗ ಯಾರ ಕೈಯೂ ಬೂದಿ ಎಂದು ಬರೆಯಲು ಒಪ್ಪದು.

ಇನ್ನೊಂದು ಮಾತೂ ನಮ್ಮಲ್ಲುಂಟು: ಅಸ್ಥಿ. ಚಿತೆ ಆರಿದ ಮೇಲೆ ನಾವು ಆಯ್ದು ತರುವುದು ಎಲುಬಿನ ಚೂರುಗಳನ್ನು. ಇಂಗ್ಲಿಷರು ಆ್ಯಷಸ್ ಎಂದು ಕರೆಯುವುದೂ ನಿಜವಾಗಿ ಅದೇ. ಬೆಂಕಿಯಲ್ಲಿ ನೀರು ಆವಿಯಾಗುತ್ತದೆ, ಮಾಂಸ ಅನಿಲವಾಗುತ್ತದೆ. ಉಳಿಯುವುದು ಹೆಚ್ಚಾಗಿ ಎಲುಬಿನ ಸುಣ್ಣದ ಅಂಶ. ಪಶ್ಚಿಮ ದೇಶಗಳ ಚಿತಾಗಾರಗಳಲ್ಲಿ ಅದನ್ನು ಯಂತ್ರದಲ್ಲಿ ಪುಡಿಮಾಡಿ ಕೊಡುವುದು ವಾಡಿಕೆ. ಪುಡಿ ಮಾಡಿದ್ದರಿಂದ ಅದು ಬೂದಿಯಂತೆ ಕಾಣುತ್ತದೆ.

ಪರದೇಶದಲ್ಲಿ ಹಿರಿಯರನ್ನು ಕಳೆದುಕೊಂಡ ಕನ್ನಡಿಗರಿಗೆ ಈ ಭೇದ ಬರಿಯ ಶಬ್ದವಿಚಾರವಲ್ಲ. ಆ್ಯಷಸ್ ಅನ್ನು ಯಾರು ಪಡೆಯುವರು ಎಂದು ಅಲ್ಲಿಯ ಪತ್ರದಲ್ಲಿ ಕೇಳಿರುತ್ತಾರೆ. ಓದಿದ ಮಗನಿಗೆ, "ಬೂದಿ ಕೊಡುತ್ತಾರಂತೆ, ಅಸ್ಥಿ ಎಲ್ಲಿ?" ಎಂಬ ಕಳವಳ ಹುಟ್ಟುವುದು ಸಹಜ. ಊರಿನಲ್ಲಿ ಕಾದಿರುವ ತಾಯಿಗೆ ಅವನು ಏನೆಂದು ಹೇಳಬೇಕು? ಅಸ್ಥಿ ಎಂದೇ ಹೇಳಬಹುದು, ಅದರಲ್ಲಿ ಸುಳ್ಳಿಲ್ಲ. ಪುಡಿಯಾಗದ ಚೂರುಗಳೇ ಬೇಕೆಂದಿದ್ದರೆ, ದಹನಕ್ಕೆ ಮುಂಚೆಯೇ ಚಿತಾಗಾರದವರನ್ನು ಕೇಳಿಕೊಳ್ಳುವುದು ಮೇಲು.

ಮುಂದೆ ಎಲ್ಲಿಯಾದರೂ ಈ ಎರಡು ಮಾತುಗಳು ನಿಮಗೆ ಎದುರಾದರೆ ಬಾಲದಲ್ಲಿರುವ ಆ ಒಂದು ಸಕಾರವನ್ನು ಗಮನಿಸಿ. ಅದಿಲ್ಲದಿದ್ದರೆ ಬೂದಿ ಎಂದು ಬರೆಯಿರಿ. ಇದ್ದರೆ, ಯಾವುದರ ಶೇಷ, ಯಾರ ಶೇಷ ಎಂದು ಮೊದಲು ಕೇಳಿಕೊಂಡು, ಅದಕ್ಕೆ ಒಪ್ಪುವ ಕನ್ನಡ ಮಾತನ್ನು ಆಮೇಲೆ ಆರಿಸಿಕೊಳ್ಳಿ.