ಏಕಾಂತ ಸಿಗದ ಸಂತ

ಸಂತ ಕಥ್‌ಬರ್ಟ್ ಹುಟ್ಟಿದ್ದು ಸುಮಾರು 634ರಲ್ಲಿ, ಬ್ರಿಟನ್ನಿನ ನಾರ್ತಂಬ್ರಿಯಾ ರಾಜ್ಯದಲ್ಲಿ. 651ರ ಒಂದು ರಾತ್ರಿ ಕುರಿ ಕಾಯುತ್ತಿದ್ದಾಗ, ದೇವದೂತರು ಒಂದು ಆತ್ಮವನ್ನು ಸ್ವರ್ಗಕ್ಕೆ ಒಯ್ಯುವುದು ಅವರಿಗೆ ಕಂಡಿತಂತೆ. ಲಿಂಡಿಸ್‌ಫಾರ್ನ್ ದ್ವೀಪದ ಬಿಷಪ್ ಐಡನ್ ತೀರಿಕೊಂಡದ್ದು ಅದೇ ರಾತ್ರಿ. ಅದನ್ನು ತಿಳಿದ ಕಥ್‌ಬರ್ಟ್ ಮೆಲ್ರೋಸ್ ಮಠ ಸೇರಿದರು. ಮುಂದೆ ಲಿಂಡಿಸ್‌ಫಾರ್ನ್ ಮಠದ ಹೊಣೆಯನ್ನೂ ಹೊತ್ತರು.

ಅವರ ಕಥೆಗಳಲ್ಲೆಲ್ಲ ಚೆಂದದ್ದು ನೀರುನಾಯಿಗಳದು. ಕೋಲ್ಡಿಂಗ್‌ಹ್ಯಾಮ್ ಮಠಕ್ಕೆ ಬಂದಿದ್ದಾಗ ಅವರು ರಾತ್ರಿ ಎದ್ದು ಹೊರಗೆ ಹೋದರು. ಕುತೂಹಲ ತಡೆಯಲಾರದ ಸನ್ಯಾಸಿಯೊಬ್ಬ ಸದ್ದಿಲ್ಲದೆ ಹಿಂಬಾಲಿಸಿದ. ಕೊರೆಯುವ ಕಡಲಿನಲ್ಲಿ ಕುತ್ತಿಗೆಮಟ್ಟ ಇಳಿದ ಕಥ್‌ಬರ್ಟ್ ಅಲೆಗಳ ಮೊರೆತದ ನಡುವೆ ದೇವಸ್ತುತಿ ಹಾಡುತ್ತ ಇರುಳು ಕಳೆದರು. ಬೆಳಗಿನ ಜಾವ ದಡಕ್ಕೆ ಬಂದು ಮಂಡಿಯೂರಿದಾಗ ಎರಡು ನೀರುನಾಯಿಗಳು ಬಂದು, ಉಸಿರಿನಿಂದ ಅವರ ಪಾದಗಳನ್ನು ಬೆಚ್ಚಗಾಗಿಸಿ, ಮೈರೋಮದಿಂದ ಒರೆಸಿ, ಆಶೀರ್ವಾದ ಪಡೆದು ಮರಳಿದವು. ಕದ್ದು ನೋಡಿದವನು ಹೆದರಿ ಹಾಸಿಗೆ ಹಿಡಿದ. ಕಥ್‌ಬರ್ಟ್ ಅವನನ್ನು ಕ್ಷಮಿಸಿದರು. ತಾವು ಬದುಕಿರುವ ತನಕ ಯಾರಿಗೂ ಹೇಳಕೂಡದೆಂದು ಮಾತು ಪಡೆದರು. ಬೀಡ್ ಎಂಬ ಸನ್ಯಾಸಿ-ವಿದ್ವಾಂಸರು ತಾವು ಬರೆದ ಅವರ ಜೀವನಚರಿತ್ರೆಯಲ್ಲಿ ಇದನ್ನು ದಾಖಲಿಸಿದ್ದಾರೆ.

676ರಲ್ಲಿ ಕಥ್‌ಬರ್ಟ್ ಇನ್ನರ್ ಫಾರ್ನ್ ದ್ವೀಪದಲ್ಲಿ ಒಂಟಿಯಾಗಿ ನೆಲೆಸಿದರು. ಆಕಾಶ ಬಿಟ್ಟು ಬೇರೇನೂ ಕಾಣದಂತೆ ಕುಟೀರದ ಸುತ್ತ ಎತ್ತರದ ಗೋಡೆ ಕಟ್ಟಿಕೊಂಡರು. ಅಲ್ಲಿನ ಈಡರ್ ಬಾತುಗಳನ್ನು ಅವರು ಕಾಪಾಡಿದರೆಂಬ ನಂಬಿಕೆಯಿಂದ ಜನ ಆ ಹಕ್ಕಿಗಳನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಲೋಕ ಅವರನ್ನು ಬಿಡಲಿಲ್ಲ. 684ರಲ್ಲಿ ಬಿಷಪ್ ಪದವಿಗೆ ಆರಿಸಿದಾಗ ಓಲೆಗೂ ದೂತರಿಗೂ ಅವರು ಮಣಿಯಲಿಲ್ಲ. ಕೊನೆಗೆ ರಾಜ ಎಗ್‌ಫ್ರಿತ್ ತಾನೇ ದೋಣಿಯಲ್ಲಿ ಬಂದು ಮಂಡಿಯೂರಿ ಬೇಡಿದ. ಆಗ ಒಪ್ಪಿ ಬಿಷಪ್ ಆದರೂ, ಎರಡು ವರ್ಷ ತುಂಬುವ ಮೊದಲೇ ಪದವಿ ಬಿಟ್ಟು ದ್ವೀಪಕ್ಕೆ ಮರಳಿದ ಅವರು 687ರ ಮಾರ್ಚ್ 20ರಂದು ತೀರಿಕೊಂಡರು.

ಹನ್ನೊಂದು ವರ್ಷದ ಮೇಲೆ ಲಿಂಡಿಸ್‌ಫಾರ್ನ್‌ನಲ್ಲಿದ್ದ ಅವರ ಸಮಾಧಿ ತೆರೆದಾಗ ದೇಹ ಕೆಟ್ಟಿರಲಿಲ್ಲವೆಂದು ಬೀಡ್ ಬರೆದಿದ್ದಾರೆ. 793ರಲ್ಲಿ ವೈಕಿಂಗರು ಲಿಂಡಿಸ್‌ಫಾರ್ನ್ ಮೇಲೆ ದಾಳಿ ಮಾಡಿದರು. 875ರಲ್ಲಿ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ದ್ವೀಪ ತೊರೆದು, ವರ್ಷಗಟ್ಟಲೆ ಅಲೆದರು. 995ರಲ್ಲಿ ಡರ್ಹಮ್‌ನಲ್ಲಿ ಶಾಶ್ವತ ನೆಲೆ ಸಿಕ್ಕಿತು. 1104ರಲ್ಲಿ ಅಲ್ಲಿನ ಹೊಸ ಕೆಥೆಡ್ರಲ್‌ಗೆ ಸಾಗಿಸುವಾಗ ಪೆಟ್ಟಿಗೆಯೊಳಗೆ ಯೋಹಾನನ ಸುವಾರ್ತೆಯ ಪುಟ್ಟ ಪುಸ್ತಕವೊಂದು ದೊರೆಯಿತು. ಮೂಲ ರಟ್ಟು ಕಳಚದೆ ಉಳಿದಿರುವ ಯುರೋಪಿನ ಅತಿ ಹಳೆಯ ಪುಸ್ತಕ ಅದೇ. ಬ್ರಿಟಿಷ್ ಲೈಬ್ರರಿ ಅದನ್ನು 2012ರಲ್ಲಿ 90 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಏಕಾಂತವನ್ನೇ ಬಯಸಿದ ಕಥ್‌ಬರ್ಟ್ ಇಂದು ಉತ್ತರ ಇಂಗ್ಲೆಂಡಿನ ಅತ್ಯಂತ ಪ್ರೀತಿಯ ಸಂತ.