ಶ್ರುತಿ ಅರ್ಧ ಮನೆ ಇಳಿಸಿದವರು

(ನಮ್ಮ ಕೂಟದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಊಟಕ್ಕೆ ಮುಂಚೆ ನನ್ನನ್ನು ನಿಲ್ಲಿಸಿದ್ದಾರೆ. ಹಿಂದಿನ ಬಾಗಿಲಿಂದ ಬಿಸಿಬೇಳೆಬಾತಿನ ವಾಸನೆ ಬರ್ತಾ ಇದೆ, ಅದರ ಜೊತೆ ನಾನು ಪೈಪೋಟಿ ಮಾಡೋಕಾಗಲ್ಲ. ಆದ್ದರಿಂದ ಪೀಠಿಕೆ ಇಲ್ಲದೆ ಶುರು ಮಾಡ್ತೀನಿ. ಆಹ್ವಾನಪತ್ರಿಕೆಯಲ್ಲಿ ನನ್ನ ವಿಷಯ 'ಅಮೆರಿಕದ ಶಾಲೆಗಳಲ್ಲಿ ಸಂಗೀತ ಶಿಕ್ಷಣ' ಅಂತ ಹಾಕಿದ್ದಾರೆ. ಅಷ್ಟು ದೊಡ್ಡ ವಿಷಯ ನನಗೆ ಗೊತ್ತಿಲ್ಲ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವನು, ಬೇರೆಯವರು ಮಾಡಿದ ತಪ್ಪು ಹುಡುಕಿ ಸಂಬಳ ತಗೊಳ್ಳೋನು. ನನಗೆ ಗೊತ್ತಿರುವುದು ಒಂದು ಕ್ಲಾರಿನೆಟ್ಟಿನ ಕತೆ, ಮತ್ತೆ ಅದರ ನೆಪದಲ್ಲಿ ಓದಿ ತಿಳಿದುಕೊಂಡ ಒಂದಿಷ್ಟು ಸಂಗತಿ.

ನಮ್ಮ ತಂದೆ ಮೈಸೂರಿನಲ್ಲಿ ಪೊಲೀಸ್ ಬ್ಯಾಂಡಿನಲ್ಲಿದ್ದರು. ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್. ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ದಸರಾ ಸಮಯದಲ್ಲಿ ಅರಮನೆ ಮುಂದೆ ಕರ್ನಾಟಕ ಬ್ಯಾಂಡು ಇಂಗ್ಲಿಷ್ ಬ್ಯಾಂಡು ಎರಡನ್ನೂ ಕೇಳಿ ಬೆಳೆದವರು ಅವರು. ಅಪ್ಪ ನಿವೃತ್ತರಾದ ದಿನ ಕ್ಲಾರಿನೆಟ್ಟನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಸಹಿ ಹಾಕಿ ವಾಪಸ್ ಕೊಟ್ಟು ಬಂದರು. ಮೂವತ್ತು ವರ್ಷ ಊದಿದ ವಾದ್ಯ. ಅದರ ಮೇಲೆ ನಂಬರ್ ಇತ್ತು, ಅದು ಸರ್ಕಾರದ್ದು. ನಮ್ಮ ಮನೆಯಲ್ಲಿ ಉಳಿದದ್ದು ಒಂದು ಫೋಟೋ ಮಾತ್ರ. ನಾನು ಇಂಜಿನಿಯರಿಂಗ್ ಮಾಡಿದೆ. ಊದೋದು ಕಲಿ ಅಂತ ಅವರು ಒಂದೆರಡು ಸಲ ಹೇಳಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

2008ರ ಕೊನೆ ಯಾರಿಗೂ ಮರೆತಿರಲಿಕ್ಕಿಲ್ಲ. ನನ್ನನ್ನು ಕರೆತಂದಿದ್ದ ಕಂಪನಿ ಬೆಂಚಿನ ಮೇಲೆ ಕೂರಿಸಿತು. ಅರ್ಧ ಸಂಬಳ, ಅದೂ ಕೆಲವು ತಿಂಗಳು. ವೀಸಾ ಅವರ ಕೈಯಲ್ಲಿ, ಬಾಯಿ ಬಿಡೋ ಹಾಗಿಲ್ಲ. ಈ ಸಭೆಯಲ್ಲಿ ಅದನ್ನು ಅನುಭವಿಸಿದವರು ನಾನೊಬ್ಬನೇ ಅಲ್ಲ. ಮೈಸೂರಿಗೆ ಏನೂ ಹೇಳಿರಲಿಲ್ಲ. ಪ್ರತಿ ಭಾನುವಾರ ಸ್ಕೈಪಿನಲ್ಲಿ "ಎಲ್ಲ ಚೆನ್ನಾಗಿದೆ ಅಪ್ಪ" ಅಂತಿದ್ದೆ.

ಆಗಲೇ ನಮ್ಮ ಮಗಳು ಆರನೇ ಕ್ಲಾಸಿನಿಂದ ಒಂದು ಹಾಳೆ ತಂದಳು. ಯಾವ ವಾದ್ಯ ಕಲಿಯುತ್ತೀ ಅಂತ ಟಿಕ್ ಹಾಕಬೇಕು. ಕ್ಲಾರಿನೆಟ್ಟಿಗೆ ಹಾಕಿಕೊಂಡೇ ಬಂದಿದ್ದಳು. ತಾತನ ಫೋಟೋ ನೋಡಿ. ಕೆಳಗೆ ಬರೆದಿತ್ತು, ಅಂಗಡಿಯಿಂದ ಬಾಡಿಗೆಗೆ ತಂದರೆ ತಿಂಗಳಿಗೆ 25 ಡಾಲರ್. ಇವತ್ತು ನಾವು ಒಂದು ಸಲ ಹೋಟೆಲಿನಲ್ಲಿ ದೋಸೆ ತಿಂದರೆ ಅಷ್ಟಾಗುತ್ತೆ. ಆವತ್ತು ನಾನು "ಇದೆಲ್ಲ ಬೇಡ ಪುಟ್ಟಿ, ಮ್ಯಾಥ್ಸ್ ಮಾಡು" ಅಂದೆ. ಹಣ ಇಲ್ಲ ಅಂತ ಹೇಳಿದ್ದರೆ ಅವಳು ಒಪ್ಪುತ್ತಿದ್ದಳು. ಹೇಳಲಿಲ್ಲ. ಸಂಗೀತದಿಂದ ಏನೂ ಪ್ರಯೋಜನ ಇಲ್ಲ ಅಂತ ಬುದ್ಧಿ ಹೇಳಿದೆ. ಬ್ಯಾಂಡಿನ ಸಂಬಳದಲ್ಲಿ ಓದಿದ ಮಗ!

ಒಂದು ವಾರ ಆದಮೇಲೆ ಅವಳ ಕೈಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಮ್ಯೂಸಿಕ್ ಟೀಚರ್ ಶಾಲೆಯ ಬೀರುವಿನಿಂದ ತೆಗೆದುಕೊಟ್ಟಿದ್ದರಂತೆ. ಯಾರೋ ದಾನ ಕೊಟ್ಟ ಹಳೇ ವಾದ್ಯ, ಪ್ಯಾಡುಗಳನ್ನು ಬದಲಾಯಿಸಿ ರಿಪೇರಿ ಮಾಡಿಸಿದ್ದು. ಮುಚ್ಚಳದ ಒಳಗೆ ಒಂದು ಚೀಟಿ, ಅದರಲ್ಲಿ ಈ ಹಿಂದೆ ಊದಿದ ಮಕ್ಕಳ ಹೆಸರುಗಳು. ಭಾನುವಾರ ಅಪ್ಪ ಸ್ಕೈಪಿನಲ್ಲಿ ಕೇಳಿದರು, "ಹೊಸದು ತೆಗೆಸಿಕೊಟ್ಯಾ?" ನಾನು ಹೂಂ ಅಂದೆ. ಅವಳು ಅಷ್ಟು ಹೊತ್ತಿಗೆ ಅದನ್ನು ಕ್ಯಾಮರಾ ಹತ್ತಿರ ಹಿಡಿದಿದ್ದಳು. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. "ನಂಬರ್ ಇದೆಯಲ್ಲೋ" ಅಂದರು. ಆಮೇಲೆ ಅವಳಿಗೆ, "ನಂಬರ್ ಇರೋ ವಾದ್ಯನ ಜೋಪಾನ ಮಾಡ್ಬೇಕಮ್ಮ, ನಿನ್ನ ಆದ್ಮೇಲೆ ಇನ್ನೊಬ್ಬರು ಊದ್ಬೇಕು." ನನ್ನನ್ನು ಏನೂ ಕೇಳಲಿಲ್ಲ. ನನ್ನ ಕೆಲಸದ ವಿಷಯ ಅವರಿಗೆ ಅವತ್ತೇ ಗೊತ್ತಾಯಿತು ಅಂತ ನನ್ನ ಅನುಮಾನ.

2010ಕ್ಕೆ ಬರೋಣ. ನನಗೆ ಕೆಲಸ ಸಿಕ್ಕಿತ್ತು. ಈಗ ಕುತ್ತು ಬಂದದ್ದು ಟೀಚರಿಗೆ. ಬಜೆಟ್ ಇಲ್ಲ, ಮುಂದಿನ ವರ್ಷ ಸಂಗೀತದ ತರಗತಿ ನಿಲ್ಲಿಸುತ್ತೇವೆ ಅಂತ ಪತ್ರ ಬಂತು. ಇಲ್ಲಿ ಮನೆ ಕೊಂಡವರಿಗೆ ಪ್ರಾಪೊಸಿಷನ್ 13 ಚೆನ್ನಾಗಿ ಗೊತ್ತು. 1978ರಲ್ಲಿ ಜನ ಮತ ಹಾಕಿ ಆಸ್ತಿ ತೆರಿಗೆಗೆ ಮಿತಿ ಹಾಕಿದರು, ನಮ್ಮ ಮನೆಯ ಅಂದಾಜು ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರೋ ಹಾಗಿಲ್ಲ. ನಮಗೆ ಲಾಭವೇ. ಆದರೆ ಶಾಲೆಗಳು ನಡೀತಿದ್ದದ್ದು ಆ ತೆರಿಗೆಯಿಂದ. ಅದು ಕಮ್ಮಿಯಾದಾಗ ಮೊದಲು ಕತ್ತರಿ ಬಿದ್ದದ್ದು ಚಿತ್ರಕಲೆ, ಸಂಗೀತಕ್ಕೆ. ಆಮೇಲೆ ಪ್ರತಿ ಸಲ ಆರ್ಥಿಕತೆ ಕುಸಿದಾಗಲೂ ಅದೇ ಜಾಗಕ್ಕೆ ಕತ್ತರಿ.

ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ನಿಂತರು. ಪ್ಲಂಬಿಂಗ್ ಕೆಲಸದವರು, ನರೆತ ಉದ್ದ ಕೂದಲು, ಹರೆಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ಲಬ್ಬುಗಳಲ್ಲಿ ಗಿಟಾರ್ ಬಾರಿಸಿದವರು. "ನಮ್ಮದೊಂದು ರಾಕ್ ಬ್ಯಾಂಡ್ ಇದೆ. ಮಕ್ಕಳ ಆರ್ಕೆಸ್ಟ್ರಾ ಜೊತೆ ನಾವು ನುಡಿಸ್ತೀವಿ, ಟಿಕೆಟ್ ಇಡೋಣ" ಅಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಒಳಗೊಳಗೇ ನಕ್ಕೆ. ರಾಕ್ ಅಂದರೆ ಗಲಾಟೆ, ಆರ್ಕೆಸ್ಟ್ರಾ ಅಂದರೆ ಸೂಟು ಬೂಟು, ಎಣ್ಣೆ ಸೀಗೇಕಾಯಿ ಸಂಬಂಧ ಅಂದುಕೊಂಡೆ.

ನನ್ನ ಅಜ್ಞಾನ. ಆಮೇಲೆ ಹುಡುಕಿ ನೋಡಿದರೆ ಇದಕ್ಕೆ ಒಳ್ಳೇ ಪರಂಪರೆಯೇ ಇದೆ. ಮೈಕೆಲ್ ಕೇಮೆನ್ ಅಂತ ಒಬ್ಬರಿದ್ದರು. ನ್ಯೂಯಾರ್ಕಿನವರು, ಜೂಲಿಯಾರ್ಡ್ ಶಾಲೆಯಲ್ಲಿ ಓಬೋ ಕಲಿತವರು. ಓಬೋ ಅಂದರೆ ಹೆಚ್ಚುಕಮ್ಮಿ ನಮ್ಮ ಶಹನಾಯಿಯ ದೂರದ ನೆಂಟ. ಅದನ್ನು ಹಿಡಿದುಕೊಂಡೇ ಗೆಳೆಯರ ಜೊತೆ ರಾಕ್ ಬ್ಯಾಂಡ್ ಕಟ್ಟಿದರು, ನ್ಯೂಯಾರ್ಕ್ ರಾಕ್ ಅಂಡ್ ರೋಲ್ ಆನ್ಸಾಂಬಲ್. 1969ರಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಮಕ್ಕಳಿಗಾಗಿ ನಡೆಸುತ್ತಿದ್ದ ಕಛೇರಿ ಮಾಲೆಯಲ್ಲಿ ಈ ಹುಡುಗರನ್ನು ಕರೆದು ಬಾಕ್‌ನ ಸಂಗೀತವನ್ನು ರಾಕ್ ರೀತಿಯಲ್ಲಿ ನುಡಿಸಿಸಿದರು. ಮುಂದೆ ಕೇಮೆನ್ ಪಿಂಕ್ ಫ್ಲಾಯ್ಡ್‌ನ 'ದ ವಾಲ್'ಗೆ ಆರ್ಕೆಸ್ಟ್ರಾ ಭಾಗ ಬರೆದರು. 1995ರಲ್ಲಿ 'ಮಿಸ್ಟರ್ ಹಾಲೆಂಡ್ಸ್ ಓಪಸ್' ಅನ್ನೋ ಸಿನಿಮಾಗೆ ಸಂಗೀತ ಕೊಟ್ಟರು. ಶಾಲೆಯ ಸಂಗೀತ ಮೇಷ್ಟ್ರ ಕತೆ, ಕೊನೆಗೆ ಬಜೆಟ್ ಇಲ್ಲ ಅಂತ ಆ ಮೇಷ್ಟ್ರನ್ನೂ ಮನೆಗೆ ಕಳಿಸುತ್ತಾರೆ. ಕೇಮೆನ್ ಸಿನಿಮಾ ಮುಗಿಸಿ ಸುಮ್ಮನಾಗಲಿಲ್ಲ. 1996ರಲ್ಲಿ ಅದೇ ಹೆಸರಿನ ಸಂಸ್ಥೆ ಕಟ್ಟಿದರು. ಹಣವಿಲ್ಲದ ಶಾಲೆಗಳಿಗೆ ವಾದ್ಯ ಒದಗಿಸುವುದೇ ಅದರ ಕೆಲಸ. 2003ರಲ್ಲಿ, ಇನ್ನೂ 55ರ ವಯಸ್ಸಿನಲ್ಲಿ, ಕೇಮೆನ್ ತೀರಿಕೊಂಡರು. ಸಂಸ್ಥೆ ನಡೀತಾ ಇದೆ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1999ರ ಏಪ್ರಿಲ್‌ನಲ್ಲಿ ಇದೇ ಕೇಮೆನ್ ಮೆಟಾಲಿಕಾ ಬ್ಯಾಂಡನ್ನೂ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಎರಡು ರಾತ್ರಿ ನಡೆಸಿದರು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರಲ್ಲ, ಅದೇ ಮೆಟಾಲಿಕಾ. ಈ ಕಛೇರಿ ಆದದ್ದು ಎಲ್ಲಿ ಗೊತ್ತಾ? ಬರ್ಕ್ಲಿ ಕಮ್ಯುನಿಟಿ ಥಿಯೇಟರ್, ಅಂದರೆ ಬರ್ಕ್ಲಿ ಹೈಸ್ಕೂಲಿನ ಆವರಣದಲ್ಲಿರೋ ಸಭಾಂಗಣ. ಹಾಗೇ ಮಾರ್ಕ್ ವುಡ್ ಅಂತ ಒಬ್ಬರು, ಎಲೆಕ್ಟ್ರಿಕ್ ವಯೊಲಿನ್ ತಾವೇ ಮಾಡಿ ನುಡಿಸುವವರು, ವರ್ಷಗಟ್ಟಲೆಯಿಂದ ಊರೂರು ಶಾಲೆಗಳಿಗೆ ಹೋಗಿ ಮಕ್ಕಳಿಗೆ ರಾಕ್ ಕಲಿಸಿ, ಅವರ ಆರ್ಕೆಸ್ಟ್ರಾ ಜೊತೆ ರಾತ್ರಿ ಕಛೇರಿ ಕೊಟ್ಟು, ಅದರಿಂದ ಶಾಲೆಯ ಸಂಗೀತಕ್ಕೆ ಹಣ ಎತ್ತುತ್ತಾರೆ. ನಮ್ಮ ಪ್ಲಂಬರ್ ಮಹಾಶಯರು ಹೊಸದೇನೂ ಹೇಳಿರಲಿಲ್ಲ.

ಈಗ ನಮ್ಮ ರಿಹರ್ಸಲ್. ಮೊದಲ ದಿನ ರಣರಂಗ. ಡ್ರಮ್ಮು ಶುರುವಾದರೆ ಮಕ್ಕಳ ವಯೊಲಿನ್ ಆಡುವುದು ಕಾಣುತ್ತದೆ, ಕೇಳುವುದಿಲ್ಲ. ಆರ್ಕೆಸ್ಟ್ರಾ ಮಕ್ಕಳು ಹಾಳೆ ನೋಡಿ ನುಡಿಸುವವರು, ರಾಕಿನವರು ಕಿವಿಯಲ್ಲಿ ನುಡಿಸುವವರು. ಗಿಟಾರಿನವರು ಖುಷಿ ಬಂದಾಗ ಇನ್ನೊಂದು ಸುತ್ತು ಹೊಡೆಯುತ್ತಾರೆ, ಮಕ್ಕಳು ಹಾಳೆಯ ಕೊನೆ ಮುಟ್ಟಿ ಪಿಳಿಪಿಳಿ ನೋಡುತ್ತಾ ಕೂತಿರುತ್ತಾರೆ. ಟೀಚರ್ ಆಂಪ್ಲಿಫೈಯರುಗಳ ಮುಖ ಗೋಡೆ ಕಡೆ ತಿರುಗಿಸಿದರು. ಡ್ರಮ್ಮಿನ ಮೇಲೆ ಟವೆಲ್ ಹಾಸಿಸಿದರು. ಎಷ್ಟು ಸುತ್ತು ಅಂತ ದೊಡ್ಡವರ ಕೈಗೂ ಹಾಳೆ ಕೊಟ್ಟರು.

ನಮ್ಮ ಮಗಳು ಮಾತ್ರ ಅಳುತ್ತಾ ಮನೆಗೆ ಬಂದಳು. ಹಾಳೆ ತೋರಿಸಿದಳು, ಆರು ಶಾರ್ಪ್. ನನಗೆ ತಲೆಬುಡ ತಿಳಿಯಲಿಲ್ಲ, ತಾತನಿಗೆ ಫೋನ್ ಹಚ್ಚಿದೆ. ಅಪ್ಪ ನಕ್ಕರು. "ಗಿಟಾರಿನ ದಪ್ಪ ತಂತಿ ಇ. ಅದಕ್ಕೆ ಅವರಿಗೆ ಇ ಶ್ರುತಿ ಅಂದ್ರೆ ಸಕ್ಕರೆ. ನಮ್ಮದು ಬಿ-ಫ್ಲಾಟ್ ಕ್ಲಾರಿನೆಟ್. ಸಿ ಅಂತ ಬರೆದಿದ್ದನ್ನ ಊದಿದ್ರೆ ಕೇಳೋದು ಬಿ-ಫ್ಲಾಟ್. ಹಂಗಾಗಿ ಅವರ ಇ ನಮಗೆ ಎಫ್-ಶಾರ್ಪ್ ಆಗತ್ತೆ. ಆರು ಶಾರ್ಪ್, ಮಗೂಗೆ ಬೆರಳು ಹೆಂಗೆ ಬರ್ಬೇಕು?" ಏನು ಮಾಡೋದು ಅಂದೆ. "ಎ ಕ್ಲಾರಿನೆಟ್ ಇದ್ರೆ ಆಗೋದು, ಶಾಲೇಲಿ ಎಲ್ಲಿರತ್ತೆ? ಗಿಟಾರಿನವರಿಗೆ ಅರ್ಧ ಮನೆ ಇಳೀರಿ ಅನ್ನು. ಅವರದ್ದು ತಂತಿ, ಬಿರಡೆ ತಿರುಗಿಸಿದ್ರೆ ಆಯ್ತು. ನಮ್ಮದು ಮರ."

ಹಾರ್ಮೋನಿಯಂ ಗೊತ್ತಿರುವವರಿಗೆ ಹೇಳುವುದಾದರೆ, ಪಕ್ಕದ ಮನೆಗೆ ಇಳಿಯೋದು, ಅಷ್ಟೇ. ಇ ಹೋಗಿ ಇ-ಫ್ಲಾಟ್ ಆದರೆ ಕ್ಲಾರಿನೆಟ್ಟಿಗೂ ತುತ್ತೂರಿಗೂ ಒಂದೇ ಫ್ಲಾಟ್. ವಯೊಲಿನ್ ಮಕ್ಕಳಿಗೆ ಮೂರು, ಅವರು ಗೊಣಗಿದರು ಅನ್ನಿ.

ಮಾರನೇ ದಿನ ಟೀಚರ್ ಹತ್ತಿರ ಹೋಗಿ ಹೇಳಿದೆ. ಹೇಳೋಕೆ ಸಂಕೋಚ, ನನಗೆ ಸ್ವರಜ್ಞಾನ ಇಲ್ಲ, ಇಂಗ್ಲಿಷು ಬೇರೆ ತೊಡರುತ್ತೆ. ಅವರು ಕೇಳಿದರು, "ಇದು ಯಾರು ಹೇಳಿದ್ದು?" "ನಮ್ಮ ತಂದೆ, ಮೈಸೂರಿನಲ್ಲಿ ಪೊಲೀಸ್ ಬ್ಯಾಂಡಿನಲ್ಲಿದ್ದರು" ಅಂದೆ. ಈ ದೇಶದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಪ್ಪ ಏನು ಮಾಡ್ತಿದ್ದರು ಅಂತ ಯಾರಾದರೂ ಕೇಳಿದರೆ 'ಗೌರ್ಮೆಂಟ್ ಸರ್ವಿಸ್' ಅಂತಿದ್ದೆ.

ಪ್ಲಂಬರ್ ಮತ್ತು ಅವರ ಗೆಳೆಯರು ಒಂದು ಮಾತೂ ಆಡದೆ ಬಿರಡೆ ತಿರುಗಿಸಿದರು. ದೊಡ್ಡ ದೊಡ್ಡ ರಾಕ್ ಬ್ಯಾಂಡುಗಳೂ ಹಾಗೆ ಇಳಿಸಿಕೊಂಡು ನುಡಿಸುತ್ತವೆ, ಹಾಡುವವರ ಗಂಟಲಿಗೂ ಆರಾಮ ಅಂದರು. ಮಕ್ಕಳಿಗೆ ಅರ್ಧ ದಾರಿ ಸುಗಮವಾಯಿತು.

ಕಛೇರಿ ಮೇ ತಿಂಗಳಲ್ಲಿ, ರಾತ್ರಿ ಏಳೂವರೆಗೆ. ಮೈಸೂರಿನಲ್ಲಿ ಬೆಳಿಗ್ಗೆ ಎಂಟು ಗಂಟೆ. ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಪ್ಪನಿಗೆ ಕೇಳಿಸಿದೆ. ಟಿಕೆಟ್ 10 ಡಾಲರ್. ಸಭಾಂಗಣ ತುಂಬಿ ಗೋಡೆಗೆ ಒರಗಿ ನಿಂತಿದ್ದರು. ಅದುವರೆಗೆ ಶಾಲೆಯ ಕಛೇರಿಗೆ ಬರದಿದ್ದ ಅಣ್ಣಂದಿರು, ಬೀದಿಯವರು, ರಾಕ್ ಕೇಳೋಕೆ ಅಂತ ಬಂದವರು ಮಕ್ಕಳನ್ನು ಕೇಳಿಕೊಂಡು ಹೋದರು. ನಾಲ್ಕನೇ ಹಾಡಿನಲ್ಲಿ ಡ್ರಮ್ಮು ಗಿಟಾರು ಎರಡೂ ನಿಂತು ಎಂಟು ಆವರ್ತ ಬರೀ ಕ್ಲಾರಿನೆಟ್ಟುಗಳು. ನಾನು ಉಸಿರು ಬಿಡಲಿಲ್ಲ. ಮುಗಿದ ಮೇಲೆ ಅಪ್ಪನನ್ನು ಕೇಳಿದರೆ, "ಡ್ರಮ್ ಜೋರಾಯ್ತು. ಎರಡನೇ ಕ್ಲಾರಿನೆಟ್ಟು ಶ್ರುತೀಲಿತ್ತು" ಅಂದರು. ಎರಡನೇ ಕ್ಲಾರಿನೆಟ್ಟು ಅವಳೇ.

ಹಣದ ಲೆಕ್ಕ ನೇರವಾಗಿ ಹೇಳ್ತೀನಿ. ಬಂದದ್ದು ಟೀಚರ್ ಒಬ್ಬರ ವರ್ಷದ ಸಂಬಳದ ಹತ್ತಿರಕ್ಕೂ ಇರಲಿಲ್ಲ. ಒಂದು ಕಛೇರಿಯಿಂದ ಶಾಲೆ ನಡೆಯುವುದಿಲ್ಲ. ಆದರೆ ತುಂಬಿದ ಸಭಾಂಗಣವನ್ನು ಬೋರ್ಡಿನ ಸದಸ್ಯರು ಕಣ್ಣಾರೆ ಕಂಡರು. ಅವರು ಮತ ಕೇಳಬೇಕಾದದ್ದು ಅದೇ ಜನರ ಹತ್ತಿರ. ತರಗತಿ ಪೂರ್ತಿ ಮುಚ್ಚಲಿಲ್ಲ, ವಾರಕ್ಕೆ ಐದು ದಿನ ಇದ್ದದ್ದು ಎರಡು ದಿನ ಆಯಿತು. ಟೀಚರ್ ಉಳಿದ ದಿನ ಇನ್ನೊಂದು ಶಾಲೆಗೆ ಓಡಾಡಿದರು. ಇದನ್ನು ಗೆಲುವು ಅನ್ನಬೇಕೋ ಬೇಡವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಸಂಗೀತಕ್ಕೆ ದುಡ್ಡು ಕೊಡೋದು ಬಿಳಿಯರ ಪದ್ಧತಿ ಅಂತ ಯಾರಾದರೂ ಅಂದುಕೊಂಡಿದ್ದರೆ ಒಂದು ಮಾತು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಹೋದದ್ದು ಮೈಸೂರಿನಿಂದ. ಅಪ್ಪ ಇದನ್ನು ಬಹಳ ಜಂಬದಿಂದ ಹೇಳೋರು, ಅವರೇ ಕೊಟ್ಟ ಹಾಗೆ.

ಇನ್ನು ಇವತ್ತಿನ ವಿಷಯ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಜನ ಪ್ರಾಪೊಸಿಷನ್ 28 ಪಾಸ್ ಮಾಡಿದರು. ಈಗ ಶಾಲೆಗಳ ಕಲೆ, ಸಂಗೀತಕ್ಕೆ ಅಂತ ಪ್ರತಿ ವರ್ಷ ಹಣ ಮೀಸಲು. ಒಳ್ಳೇದು. ಆದರೆ ದೊಡ್ಡ ಡಿಸ್ಟ್ರಿಕ್ಟುಗಳಲ್ಲಿ ಅದರ ಶೇಕಡಾ 80 ಸಿಬ್ಬಂದಿಗೇ ಹೋಗಬೇಕು ಅಂತ ನಿಯಮ. ಅದೂ ಸರಿಯೇ, ಮೇಷ್ಟ್ರಿಲ್ಲದೆ ಏನು ಕಲಿಯೋದು? ಉಳಿದ ಅಷ್ಟರಲ್ಲೇ ವಾದ್ಯ, ರಿಪೇರಿ, ಹಾಳೆ ಎಲ್ಲ ಆಗಬೇಕು. ಹಾಗಾಗಿ ಟೀಚರ್ ಬಂದಿದ್ದಾರೆ, ಬೀರು ಖಾಲಿ ಇದೆ. ಇದು ನಮ್ಮ ಹಳೇ ಟೀಚರೇ ನನಗೆ ಹೇಳಿದ ಮಾತು.

ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಮಾತಾಡ್ತೀನಿ, ಊಟಕ್ಕೆ ಮುಂಚೆ ಬೈಸಿಕೊಂಡರೂ ಪರವಾಗಿಲ್ಲ. ನಮ್ಮ ಮಕ್ಕಳಿಗೆ ನಾವು ವಯೊಲಿನ್ ಕೊಡಿಸ್ತೀವಿ, ಸ್ಯಾಕ್ಸೋಫೋನ್ ಕೊಡಿಸ್ತೀವಿ. ಹನ್ನೆರಡನೇ ಕ್ಲಾಸಿನವರೆಗೆ ಗಡಿಯಾರ ಹಿಡಿದು ಪ್ರಾಕ್ಟೀಸ್ ಮಾಡಿಸ್ತೀವಿ. ಕಾಲೇಜ್ ಅಪ್ಲಿಕೇಶನ್‌ನಲ್ಲಿ ಒಂದು ಸಾಲು ಬರೆದಾಯಿತು, ಸೀಟು ಸಿಕ್ಕಿತು, ವಾದ್ಯ ಗ್ಯಾರೇಜಿಗೆ ಹೋಯಿತು. ಇಡ್ಲಿ ಸ್ಟ್ಯಾಂಡು, ಗಣಪತಿ ಮಂಟಪದ ಥರ್ಮಾಕೋಲು, ಅದರ ಪಕ್ಕ ಎರಡು ಸಾವಿರ ಡಾಲರಿನ ವಯೊಲಿನ್. ಬೇಸಗೆಯ ಬಿಸಿಲಿಗೆ ಗ್ಯಾರೇಜು ಕಾದು ಅಂಟು ಬಿಡುತ್ತೆ, ಕಮಾನಿನ ಕೂದಲಿಗೆ ಹುಳ ಹಿಡಿಯುತ್ತೆ. ಮಾರೋಕೆ ಮನಸ್ಸಿಲ್ಲ, ನೆನಪಲ್ಲವಾ ಅಂತೀವಿ. ನುಡಿಸೋರು ಮಾತ್ರ ಇಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಅದೇ ಶಾಲೆಯಲ್ಲಿ ಇನ್ನೊಂದು ಕಛೇರಿ ಇದೆ. ರಾಕ್ ಬ್ಯಾಂಡಿನ ಪ್ಲಂಬರ್ ಈಗ ತಾತ ಆಗಿದ್ದಾರೆ, ಮೊಮ್ಮಗ ಆ ಆರ್ಕೆಸ್ಟ್ರಾದಲ್ಲಿ ಚೆಲ್ಲೋ ನುಡಿಸುತ್ತಾನೆ. ನಮ್ಮ ಕೂಟದಿಂದ ಒಬ್ಬ ಮೃದಂಗದ ಹುಡುಗನನ್ನು ಕೇಳಿದ್ದಾರೆ, ಹುಡುಗ ಒಪ್ಪಿದ್ದಾನೆ. ಶ್ರುತಿ ಯಾವ ಮನೆಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಮೇಜಿದೆ, ಅದರ ಮೇಲೆ ಪಟ್ಟಿ. ಟಿಕೆಟ್ ಬೇಕಾದವರು ಹೆಸರು ಬರೆಯಿರಿ. ವಾದ್ಯ ಕೊಡುವವರು ಯಾವ ವಾದ್ಯ, ಎಷ್ಟು ವರ್ಷ ಹಳೇದು ಅಂತ ಬರೆಯಿರಿ. ಮುರಿದಿದ್ದರೂ ಸರಿ, ರಿಪೇರಿಯಾಗುತ್ತೋ ಇಲ್ಲವೋ ಟೀಚರ್ ನೋಡ್ತಾರೆ. ರೀಡುಗಳ ಡಬ್ಬಿ, ಹಾಳೆ ಇಡುವ ಸ್ಟ್ಯಾಂಡು, ಅದೂ ಬೇಕು. ಮನೆಗೆ ಬಂದು ನಾನೇ ತಗೊಂಡು ಹೋಗ್ತೀನಿ, ಶನಿವಾರ ಭಾನುವಾರ ಕಾರಿನ ಡಿಕ್ಕಿ ಖಾಲಿ ಇಟ್ಟಿರ್ತೀನಿ. ಕೊಡುವ ಮುಂಚೆ ಮಕ್ಕಳಿಗೆ ಒಂದು ಫೋನ್ ಮಾಡಿ ಕೇಳಿ, ಅದು ಅವರದ್ದು.

ನಮ್ಮ ಮಗಳು 2011ರಲ್ಲಿ ಎಂಟನೇ ಕ್ಲಾಸು ಮುಗಿಸಿದ ದಿನ ಆ ಕ್ಲಾರಿನೆಟ್ಟನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಚೀಟಿಯಲ್ಲಿ ತನ್ನ ಹೆಸರು ಬರೆದು ವಾಪಸ್ ಕೊಟ್ಟಳು. ಹೋದ ತಿಂಗಳು ಪಟ್ಟಿಯ ವಿಷಯ ಮಾತಾಡೋಕೆ ಶಾಲೆಗೆ ಹೋದಾಗ ಟೀಚರ್ ಅದನ್ನು ತೆಗೆದು ತೋರಿಸಿದರು. ಚೀಟಿ ತುಂಬಿಹೋಗಿ ಕೆಳಗೆ ಇನ್ನೊಂದು ಅಂಟಿಸಿದ್ದಾರೆ.

ಊಟಕ್ಕೆ ಏಳೋಣ.