ಒಂದೇ ಸ್ಪರ್ಶದ ಗೋಲುಗಳು



ಸ್ಪೇನಿನ ಲೀಗ್ ಫುಟ್‌ಬಾಲ್‌ನಲ್ಲಿ 1989–90ರ ಋತುವಿನಲ್ಲಿ ಒಬ್ಬ ಆಟಗಾರ 38 ಗೋಲು ಹೊಡೆದರು. ಆ 38ರಲ್ಲಿ ಒಂದೂ ಚೆಂಡನ್ನು ತಡೆದು, ಹದ ಮಾಡಿಕೊಂಡು ಹೊಡೆದದ್ದಲ್ಲ. ಬಂದ ಚೆಂಡಿಗೆ ಅವರ ಕಾಲೋ ತಲೆಯೋ ತಾಗಿದ್ದು ಒಂದೇ ಸಲ. ಅಷ್ಟರಲ್ಲಿ ಚೆಂಡು ಬಲೆಯೊಳಗೆ. ಆ ಆಟಗಾರ ಮೆಕ್ಸಿಕೊದ ಹ್ಯೂಗೊ ಸ್ಯಾಂಚೆಜ್. ಗೋಲು ಹೊಡೆಯುವ ಕಲೆಯನ್ನು ಅವರಷ್ಟು ಶುದ್ಧವಾಗಿ ಮಾಡಿ ತೋರಿಸಿದವರು ತೀರಾ ಕಡಿಮೆ ಎಂದು ನನಗನಿಸುತ್ತದೆ.

ಹ್ಯೂಗೊ ಹುಟ್ಟಿದ್ದು 1958ರ ಜುಲೈ 11ರಂದು, ಮೆಕ್ಸಿಕೊ ನಗರದಲ್ಲಿ. ತಂದೆಯೂ ಫುಟ್‌ಬಾಲ್ ಆಟಗಾರರೇ. ಅಕ್ಕ ಹೆರ್ಲಿಂಡಾ ಜಿಮ್ನಾಸ್ಟ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಅಕ್ಕ ತಮ್ಮ ಇಬ್ಬರೂ ಹೋದರು, ಆಕೆ ಜಿಮ್ನಾಸ್ಟಿಕ್ಸ್‌ಗೆ, ಈತ ಫುಟ್‌ಬಾಲ್‌ಗೆ. ಮುಂದೆ ಪ್ರತಿ ಗೋಲಿನ ನಂತರ ಹ್ಯೂಗೊ ಗಾಳಿಯಲ್ಲಿ ಹಾಕುತ್ತಿದ್ದ ಲಾಗ ಅಕ್ಕನ ಕೊಡುಗೆ. ಅದನ್ನು ಬರೀ ಸಂಭ್ರಮದ ಆಟವೆಂದುಕೊಳ್ಳಬೇಡಿ. ನೆಲಕ್ಕೆ ಬೆನ್ನು ಮಾಡಿ ಗಾಳಿಯಲ್ಲಿ ತೇಲುವಾಗಲೂ ತನ್ನ ಮೈ ಎಲ್ಲಿದೆ ಎಂಬ ಅರಿವು ತಪ್ಪದಿರುವುದು ಆ ಆಟಗಾರನ ನಿಜವಾದ ಬಂಡವಾಳವಾಗಿತ್ತು.

ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದ ತಂಡ ಪ್ಯೂಮಾಸ್. ಹ್ಯೂಗೊ ಅಲ್ಲಿ ಒಂದು ಕಡೆ ಚೆಂಡಾಡುತ್ತ, ಇನ್ನೊಂದು ಕಡೆ ದಂತವೈದ್ಯ ಶಿಕ್ಷಣ ಓದಿ ಮುಗಿಸಿದರು. ಅವರ ಮೊದಲ ಋತುವಿನಲ್ಲೇ ಪ್ಯೂಮಾಸ್ ತನ್ನ ಮೊಟ್ಟಮೊದಲ ಲೀಗ್ ಪ್ರಶಸ್ತಿ ಗೆದ್ದಿತು. 1981ರಲ್ಲಿ ಇನ್ನೊಂದನ್ನು ಗೆದ್ದುಕೊಟ್ಟು ಅವರು ಸ್ಪೇನಿಗೆ, ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೊರಟರು. ಯುರೋಪಿನಲ್ಲಿ ಮೆಕ್ಸಿಕೊದವರಿಗೆ ಆಗಿನ್ನೂ ಅಂಥ ಬೆಲೆಯಿರಲಿಲ್ಲ. ಎದುರಾಳಿ ಊರುಗಳ ಗ್ಯಾಲರಿಗಳಲ್ಲಿ ಜನ ಅವರ ಮೂಲವನ್ನೆತ್ತಿ ಕೂಗಿ ಹಂಗಿಸುತ್ತಿದ್ದರು. ಆರಂಭದ ದಿನಗಳು ಸುಲಭದ್ದಾಗಿರಲಿಲ್ಲ. ಆದರೆ 1984–85ರಲ್ಲಿ 19 ಗೋಲು ಹೊಡೆದು ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಾದರು. ಅದೇ ವರ್ಷ ಅಥ್ಲೆಟಿಕ್ ಬಿಲ್ಬಾವೊ ವಿರುದ್ಧದ ರಾಜಕಪ್ ಫೈನಲ್‌ನಲ್ಲಿ ಅಟ್ಲೆಟಿಕೊ 2–1ರಿಂದ ಗೆದ್ದಾಗ ಎರಡೂ ಗೋಲು ಅವರವೇ.

ಮರುಋತುವಿಗೆ ಅವರು ಅದೇ ಊರಿನ ಬದ್ಧ ಎದುರಾಳಿ ರಿಯಲ್ ಮ್ಯಾಡ್ರಿಡ್‌ನಲ್ಲಿದ್ದರು. ಅಭಿಮಾನಿಗಳ ಸಿಟ್ಟಿಗೆ ಅಂಜಿ ಅಟ್ಲೆಟಿಕೊ ನೇರವಾಗಿ ಮಾರಲಿಲ್ಲ. ಕಾಗದಪತ್ರದಲ್ಲಿ ಪ್ಯೂಮಾಸ್‌ಗೆ ಮಾರಿ, ಅಲ್ಲಿಂದ ರಿಯಲ್‌ಗೆ ದಾಟಿಸಲಾಯಿತು. ಬುಟ್ರಗೆನ್ಯೊ, ಮಿಚೆಲ್, ಮಾರ್ಟಿನ್ ವಾಸ್ಕೆಜ್‌ರಂಥ ಹುಡುಗರ ಜೊತೆ ಸೇರಿ ಸತತ ಐದು ಲೀಗ್ ಪ್ರಶಸ್ತಿ ಬಂದವು. ಅತಿ ಹೆಚ್ಚು ಗೋಲಿನ ಗೌರವ ಅಟ್ಲೆಟಿಕೊದ್ದೂ ಸೇರಿ ಐದು ಬಾರಿ.

1988ರ ಏಪ್ರಿಲ್ 10ರ ಒಂದು ಗೋಲನ್ನು ಇಲ್ಲಿ ಹೇಳಲೇಬೇಕು. ಎದುರಾಳಿ ಲೊಗ್ರೊನ್ಯೆಸ್. ಎಡಗಡೆಯಿಂದ ಮಾರ್ಟಿನ್ ವಾಸ್ಕೆಜ್ ಎತ್ತಿ ಕಳಿಸಿದ ಚೆಂಡು ಹ್ಯೂಗೊ ಅವರ ಹಿಂದಕ್ಕೆ ಹೋಗುವಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ಹ್ಯೂಗೊ ಗೋಲಿಗೆ ಬೆನ್ನು ಮಾಡಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು, ನೆಲ ಬಿಟ್ಟು ಎದ್ದರು. ಮೈ ಅಡ್ಡಲಾಗಿ ಗಾಳಿಯಲ್ಲಿದ್ದಾಗಲೇ ಎಡಗಾಲು ತಲೆಗಿಂತ ಮೇಲೆ ಹೋಗಿ ಚೆಂಡಿಗೆ ಬಡಿಯಿತು; ಚೆಂಡು ಮೇಲಿನ ಮೂಲೆ ಸೇರಿತು. ಅದರ ದೃಶ್ಯ ಸಿಕ್ಕರೆ ನೋಡಿ, ಕಾಲಿಗಿಂತ ಮೊದಲು ಆ ಹಿಂಬದಿಯ ಹೆಜ್ಜೆಗಳನ್ನು ಗಮನಿಸಿ. ಚೆಂಡು ಬರುವ ಮುನ್ನವೇ ಅರ್ಧ ಗೋಲು ಮುಗಿದುಹೋಗಿದೆ. ಆ 38 ಗೋಲುಗಳ ಗುಟ್ಟೂ ಇದೇ. ಒಂದೇ ಲೀಗ್ ಋತುವಿನಲ್ಲಿ ಅತಿ ಹೆಚ್ಚು ಗೋಲುಗಳೆಂದು 1950–51ರಲ್ಲಿ ತೆಲ್ಮೊ ಸಾರಾ ನಿರ್ಮಿಸಿದ್ದ ದಾಖಲೆಯನ್ನು ಅವು ಸರಿಗಟ್ಟಿದವು. ಯುರೋಪಿನ ಲೀಗ್‌ಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಚಿನ್ನದ ಬೂಟನ್ನು ಬಲ್ಗೇರಿಯದ ಹ್ರಿಸ್ಟೊ ಸ್ಟೊಯ್ಚ್ಕೊವ್ ಜೊತೆ ಹಂಚಿಕೊಂಡರು.

ಆದರೆ ಅದೇ 1990ರ ಬೇಸಿಗೆಯಲ್ಲಿ ಇಟಲಿಯಲ್ಲಿ ವಿಶ್ವಕಪ್ ನಡೆದಾಗ ಹ್ಯೂಗೊ ಅಲ್ಲಿರಲಿಲ್ಲ. ಕಿರಿಯರ ಅರ್ಹತಾ ಪಂದ್ಯಗಳಲ್ಲಿ ವಯಸ್ಸು ಮೀರಿದ ಆಟಗಾರರನ್ನು ಆಡಿಸಿದ್ದಕ್ಕಾಗಿ ಮೆಕ್ಸಿಕೊಗೆ ನಿಷೇಧ ಬಿದ್ದಿತ್ತು. ಆಡಳಿತದವರ ತಪ್ಪಿಗೆ ದಂಡ ತೆತ್ತದ್ದು ಆ ತಲೆಮಾರಿನ ಅತ್ಯುತ್ತಮ ಆಟಗಾರ. ಇದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ. ಮೂರು ವಿಶ್ವಕಪ್‌ಗಳಲ್ಲಿ ಅವರಿಗೆ ದಕ್ಕಿದ್ದು ಒಂದೇ ಗೋಲು, 1986ರಲ್ಲಿ ಬೆಲ್ಜಿಯಂ ವಿರುದ್ಧ. ಅದೇ ಕೂಟದಲ್ಲಿ ಪೆರಗ್ವೆ ವಿರುದ್ಧ ಅವರು ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದಿದ್ದರು.

1994ರಲ್ಲಿ ಅಮೆರಿಕದ ವಿಶ್ವಕಪ್. ಹ್ಯೂಗೊಗೆ ಆಗ 35. ನಾಕೌಟ್ ಪಂದ್ಯದಲ್ಲಿ ಎದುರಾಳಿ ಬಲ್ಗೇರಿಯ. ಚಿನ್ನದ ಬೂಟು ಹಂಚಿಕೊಂಡಿದ್ದ ಸ್ಟೊಯ್ಚ್ಕೊವ್ ಬೇಗನೆ ಗೋಲು ಹೊಡೆದರು, ಮೆಕ್ಸಿಕೊ ಸಮ ಮಾಡಿತು, ಆಟ ಹೆಚ್ಚುವರಿ ಸಮಯಕ್ಕೆ ಬೆಳೆಯಿತು. ಕೋಚ್ ಮೆಹಿಯಾ ಬರೋನ್ ಮಾತ್ರ ಹ್ಯೂಗೊ ಅವರನ್ನು ಬೆಂಚಿನಿಂದ ಎಬ್ಬಿಸಲಿಲ್ಲ. ಮೆಕ್ಸಿಕೊ ಪೆನಾಲ್ಟಿಗಳಲ್ಲಿ ಸೋತಿತು. ಏಕೆ ಆಡಿಸಲಿಲ್ಲ ಎಂಬ ಜಗಳ ಆ ದೇಶದಲ್ಲಿ ಇನ್ನೂ ಮುಗಿದಿಲ್ಲ.

ಆಟ ನಿಲ್ಲಿಸಿದ್ದು 1997ರಲ್ಲಿ, ಮೆಕ್ಸಿಕೊದ ಸೆಲಾಯಾ ತಂಡದಲ್ಲಿ, ಹಳೆಯ ಗೆಳೆಯ ಬುಟ್ರಗೆನ್ಯೊ ಪಕ್ಕದಲ್ಲೇ. ಸ್ಪೇನಿನ ಲೀಗಿನಲ್ಲಿ ಒಟ್ಟು 234 ಗೋಲು. ರಾಷ್ಟ್ರೀಯ ತಂಡದ ಕೋಚ್ ಆಗಿ ಹೆಚ್ಚು ಯಶಸ್ಸು ಸಿಗಲಿಲ್ಲ. ಆದರೆ ಪ್ಯೂಮಾಸ್ ಕೈಬಿಡಲಿಲ್ಲ: ಅವರು ಕೋಚ್ ಆಗಿದ್ದಾಗ 2004ರ ಎರಡೂ ಲೀಗ್ ಪ್ರಶಸ್ತಿಗಳನ್ನು ಗೆದ್ದುಕೊಂಡಿತು. ಆ ನಡುವೆ ಆಗಸ್ಟ್‌ನಲ್ಲಿ ಬರ್ನಾಬ್ಯೂ ಕ್ರೀಡಾಂಗಣಕ್ಕೇ ಹೋಗಿ ರಿಯಲ್ ಮ್ಯಾಡ್ರಿಡ್ ತಂಡವನ್ನು 1–0ಯಿಂದ ಸೋಲಿಸಿತು.